ಬಾಗಿಲ ಹೊರಗೆ ನಿಂತವನು

ಕ್ರಿಸ್ಮಸ್‌ನ ಹಿಂದಿನ ದಿನ ಮನೆಗೆ ಇಬ್ಬರು ಅತಿಥಿಗಳು ಬರುತ್ತಾರೆ ಎಂದಾಗ ಮೋರಿಸ್ ಬೇಡ ಅನ್ನಲಿಲ್ಲ. ಅಫ್ಘಾನಿಸ್ತಾನದ ಅಕ್ಕ-ತಮ್ಮ ಎಂದಾಗ ಮಾತ್ರ ಹೆಂಡತಿಯ ಮುಖ ನೋಡಿದ.

“ನಮ್ಮ ಮನೆಯಲ್ಲಿ ಊಟ ಮಾಡ್ತಾರಾ ಮಾರಾಯ್ತಿ ಅವರು?”

“ಯಾಕೆ ಮಾಡ್ಲಿಕ್ಕಿಲ್ಲ? ಈ ಊರಲ್ಲಿ ಸಿಗುವುದೆಲ್ಲ ಹಲಾಲ್ ಕೋಳಿಯೇ ಅಲ್ವಾ,” ಎಂದಳು ಡೆಲ್ಮಾ. “ರಜೆಯ ದಿನ ಆ ಹೋಟೆಲ್ ರೂಮಿನಲ್ಲಿ ಗೋಡೆ ನೋಡ್ತಾ ಕೂತಿರ್ತಾರೆ. ಪಾಪ ಕಾಣ್ತದೆ.”

ಡೆಲ್ಮಾ ಕುವೈತಿನ ಒಂದು ದತ್ತಿ ಸಂಸ್ಥೆಯ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಕಷ್ಟದಲ್ಲಿರುವ ದೇಶಗಳಿಗೆ ಹಿಟ್ಟು, ಕಂಬಳಿ, ಔಷಧ ಕಳಿಸುವ ಸಂಸ್ಥೆ ಅದು. ಮೂಲ ಮಂಗಳೂರಾದರೂ ಅವಳು ಓದಿದ್ದು ಮುಂಬೈಯಲ್ಲಿ. ಅಲ್ಲಿ ಕಲಿತ ಹಿಂದಿ ಪಾಕಿಸ್ತಾನಿ ಸಹೋದ್ಯೋಗಿಗಳ ಜೊತೆ ಮಾತಾಡುತ್ತಾ ಒಳ್ಳೆಯ ಉರ್ದುವಾಗಿತ್ತು. ಹಾಗಾಗಿ ಆ ಕಡೆಯಿಂದ ಯಾರೇ ಬರಲಿ, ಸಭೆಗಳಲ್ಲಿ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ಅವಳದ್ದೇ.

ಈ ಸಲ ಬಂದವಳು ಮಾಹ್‌ಗುಲ್. ಘೋರ್ ಎಂಬ ಬೆಟ್ಟದ ಸೀಮೆಯಲ್ಲಿ ಒಂದು ಪುಟ್ಟ ಸೇವಾ ಸಂಸ್ಥೆ ನಡೆಸುತ್ತಿದ್ದಳು. ಗಂಡನನ್ನು ಕಳೆದುಕೊಂಡ ಹೆಂಗಸರು ಸೇರಿ ತಂದೂರಿನಲ್ಲಿ ರೊಟ್ಟಿ ಸುಡುತ್ತಿದ್ದರು. ಆ ರೊಟ್ಟಿ ಗಂಡು ದಿಕ್ಕಿಲ್ಲದ ಮನೆಗಳಿಗೆ ಹೋಗುತ್ತಿತ್ತು. ಮಾಹ್‌ಗುಲ್ ಕೂಡ ವಿಧವೆ, ಮಕ್ಕಳಿಲ್ಲ. ಬಾಲ್ಯವನ್ನು ಕ್ವೆಟ್ಟಾದ ನಿರಾಶ್ರಿತರ ಶಿಬಿರದಲ್ಲಿ ಕಳೆದದ್ದರಿಂದ ಉರ್ದು ಅವಳಿಗೂ ತಮ್ಮನಿಗೂ ಚೆನ್ನಾಗಿ ಬರುತ್ತಿತ್ತು. ಸೋಮವಾರದ ಸಭೆಯಲ್ಲಿ ದಾನಿಗಳ ಎದುರು ಅವಳು ಮಾತಾಡಬೇಕಿತ್ತು. ಚಳಿಗಾಲದ ಹಿಟ್ಟು ಸಿಗುವುದು ಬಿಡುವುದು ಆ ಮಾತಿನ ಮೇಲೆ ನಿಂತಿತ್ತು.

ತಾಲಿಬಾನ್ ಸರ್ಕಾರ ಬಂದ ಮೇಲೆ ಹೆಂಗಸು ಒಬ್ಬಳೇ ದೂರ ಪ್ರಯಾಣ ಮಾಡುವಂತಿರಲಿಲ್ಲ. ಜೊತೆಗೆ ಗಂಡ, ತಂದೆ, ಇಲ್ಲವೇ ಒಡಹುಟ್ಟಿದವನು ಇರಲೇಬೇಕು. ಅದಕ್ಕೇ ತಮ್ಮ ಹಕೀಮ್ ಬಂದಿದ್ದ. ಊರಲ್ಲಿ ಲಾರಿ ಟೈರುಗಳ ಅಂಗಡಿ ಇಟ್ಟಿದ್ದವನು. ಒಂದು ವರ್ಷದಿಂದ ಅಕ್ಕ ಹೋದಲ್ಲೆಲ್ಲ ಅವನೂ ಹೋಗುತ್ತಿದ್ದ. ಅವಳು ವಿಧವೆಯರ ಮನೆಯೊಳಗೆ ಹೋದರೆ ಇವನು ಹೊರಗೆ ಗೋಡೆಗೊರಗಿ ನಿಲ್ಲುತ್ತಿದ್ದ.

“ಅಂಗಡಿಗೆ ಬೀಗ, ನನ್ನ ಬಾಯಿಗೂ ಬೀಗ,” ಎಂದು ಹಕೀಮ್, ಹೋಟೆಲಿನಿಂದ ಕರೆತರುವಾಗ ಕಾರಿನಲ್ಲಿ ಮೋರಿಸ್‌ಗೆ ನಗುತ್ತಾ ಹೇಳಿದ್ದ. “ಇವಳ ಜೊತೆ ನಿಲ್ಲುವುದೊಂದೇ ಈಗ ನನ್ನ ಉದ್ಯೋಗ, ಭಾಯಿ.”

ಫರ್ವಾನಿಯಾದ ಅವರ ಫ್ಲಾಟಿನ ಮೇಲೆ ವಿಮಾನಗಳು ತಗ್ಗಾಗಿ ಹಾರುತ್ತವೆ. ಮೊದಲ ವಿಮಾನ ಹೋದಾಗ ಮಾಹ್‌ಗುಲ್ ಬೆಚ್ಚಿ ತಲೆ ಬಗ್ಗಿಸಿದಳು. ಆಮೇಲೆ ನಾಚಿಕೊಂಡು ನಕ್ಕಳು. ಅಡುಗೆಮನೆಯಲ್ಲಿ ಡೆಲ್ಮಾ ಮತ್ತು ಮಗಳು ಕ್ಲಾರಿಸ್ಸಾ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರದ ಕೊನೆಯ ಪಾಳಿಗೆ ಕೂತಿದ್ದರು. ನೆವ್ರಿ, ಚಕ್ಕುಲಿ ಮುಗಿದಿದ್ದವು. ಕಿಡಿಯೊ ಬಾಕಿ. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕ ಹಾಕುವ ತಿಂಡಿ ಅದು.

“ನನಗೆ ಕೊಡಿ,” ಎಂದು ಮಾಹ್‌ಗುಲ್ ತೋಳು ಮಡಚಿ ನೆಲಕ್ಕೇ ಕೂತಳು. ಬೆರಳು ಹಿಟ್ಟಿಗೆ ತಾಕಿದ ಕೂಡಲೇ ಅವಳ ಮಾತೂ ಬಿಚ್ಚಿಕೊಂಡಿತು. ತಂದೂರಿನ ಹತ್ತಿರ ಹೆಂಗಸರು ಏನೇನು ಮಾತಾಡುತ್ತಾರೆ, ಯಾರು ಯಾರ ಅತ್ತೆಯನ್ನು ಅಣಕಿಸುತ್ತಾರೆ ಎಂದು ಹೇಳುತ್ತಾ ಹೋದಳು. ಕ್ಲಾರಿಸ್ಸಾಳಿಗೆ ಅರ್ಧ ಅರ್ಥವಾಗದಿದ್ದರೂ ನಗು ಬಂತು. ಹಾಲ್‌ನಲ್ಲಿ ಗಂಡಸರಿಬ್ಬರು ಟಿ.ವಿ.ಯಲ್ಲಿ ಕ್ರಿಕೆಟ್ ಹಾಕಿಕೊಂಡು ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದರು.

ಇನ್ನೇನು ಚರ್ಚಿಗೆ ಹೊರಡಲು ಸಿದ್ಧವಾಗಬೇಕು ಎನ್ನುವಾಗ ಹಕೀಮ್ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಅಲ್ಲಿಯವರೆಗೆ ಅವನು ಆ ಕಡೆ ಕಣ್ಣು ಕೂಡ ಹಾಕಿರಲಿಲ್ಲ. ಕೈಯಲ್ಲಿ ಫೋನಿತ್ತು. ತುಟಿ ಬಿಳಿಚಿಕೊಂಡಿತ್ತು.

“ಏನು?” ಎಂದಳು ಮಾಹ್‌ಗುಲ್.

ಅವನು ಫೋನು ಚಾಚಿದ.

“ನನ್ನ ಕೈ ಹಿಟ್ಟು. ನೀನೇ ಓದು.”

ಅವನು ಓದಿದ. ಅವರ ದರಿ ಭಾಷೆ ಡೆಲ್ಮಾಳಿಗೆ ತಿಳಿಯದು. ಆದರೆ ಓದುವವನು ಒಂದೇ ಸಾಲನ್ನು ಎರಡು ಸಲ ಓದಿದ, ಅದು ತಿಳಿಯಿತು. ಮಾಹ್‌ಗುಲ್ ಕೈಯಲ್ಲಿದ್ದ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿದಳು, ಸುರುಳಿ ಮಾಡಿದಳು, ತಟ್ಟೆಗೆ ಹಾಕಿದಳು. ಇನ್ನೊಂದು ಉಂಡೆ ತೆಗೆದುಕೊಂಡಳು. ಆಮೇಲೆ ಅದನ್ನು ಏನು ಮಾಡಬೇಕೆಂದು ಮರೆತವಳ ಹಾಗೆ ಅಂಗೈಯಲ್ಲೇ ಇಟ್ಟುಕೊಂಡು ಕೂತಳು.

“ಮಾಹ್‌ಗುಲ್ ಜಾನ್, ಏನಾಯ್ತು?”

“ಇನ್ನು ಮುಂದೆ ನಾವು ಕೆಲಸಕ್ಕೆ ಬರಬಾರದಂತೆ.”

“ನಾವು ಅಂದರೆ?”

“ಹೆಂಗಸರು. ಕಾಬೂಲಿನಿಂದ ಆದೇಶ ಬಂದಿದೆ. ಯಾವ ಸೇವಾ ಸಂಸ್ಥೆಯಲ್ಲೂ ಹೆಂಗಸು ಕೆಲಸ ಮಾಡಬಾರದು. ಮಾಡಿದರೆ ಸಂಸ್ಥೆಯ ಪರವಾನಗಿ ರದ್ದು.”

ಡೆಲ್ಮಾಳಿಗೆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರನ್ನು ತಡೆದ ಸುದ್ದಿ ಅದೇ ವಾರ ಬಂದಿತ್ತು, ಅದನ್ನು ಓದಿ ಅಯ್ಯೋ ಅಂದಿದ್ದಳು. ಆದರೆ ಇದು ತನ್ನ ಅಡುಗೆಮನೆಯ ನೆಲದ ಮೇಲೆ, ತನ್ನ ಬಾಚಣಿಗೆ ಹಿಡಿದು ಕೂತವಳಿಗೆ ಬಂದ ಸುದ್ದಿ. ಒಲೆಯ ಮೇಲಿನ ಎಣ್ಣೆ ಹೊಗೆಯಾಡತೊಡಗಿತು. ಯಾರೂ ಏಳಲಿಲ್ಲ. ಕೊನೆಗೆ ಕ್ಲಾರಿಸ್ಸಾ ಎದ್ದು ಗ್ಯಾಸ್ ಆರಿಸಿ, ಅವರು ಏನು ತಪ್ಪು ಮಾಡಿದ್ದರು ಎಂದು ಇಂಗ್ಲಿಷಿನಲ್ಲಿ ಅಮ್ಮನನ್ನು ಕೇಳಿದಳು. ಡೆಲ್ಮಾ ಅದನ್ನು ಉರ್ದುವಿಗೆ ತಿರುಗಿಸಲಿಲ್ಲ.

ಆಮೇಲೆ ಮಾಹ್‌ಗುಲ್‌ಳ ಫೋನು ನಿಲ್ಲಲೇ ಇಲ್ಲ. ಒಬ್ಬಳು ಬರೀ ಅಳುತ್ತಿದ್ದಳು. ಒಬ್ಬಳು ಬೈಯುತ್ತಿದ್ದಳು. ಇನ್ನೊಬ್ಬಳು, ರೊಟ್ಟಿ ಮನೆಯ ಹಿರಿಯಳು, ಬೆಳಗ್ಗಿನ ರೊಟ್ಟಿಗೆ ಹಿಟ್ಟು ನಾದಿ ಇಟ್ಟಾಗಿದೆ, ಉಬ್ಬುತ್ತಾ ಇದೆ, ಏನು ಮಾಡಲಿ ಎಂದು ಕೇಳಿದಳಂತೆ. ಅದನ್ನು ಹೇಳಿ ಮಾಹ್‌ಗುಲ್ ಫೋನನ್ನು ಕವುಚಿ ಇಟ್ಟಳು.

“ಏನು ಹೇಳಿದಿರಿ?” ಎಂದು ಕೇಳಿದಳು ಡೆಲ್ಮಾ.

“ಮನೆಗೆ ಹೊತ್ತುಕೊಂಡು ಹೋಗಿ ಹಂಚಿಕೊಳ್ಳಿ ಅಂದೆ. ಬೇರೆ ಏನೂ ತೋಚಲಿಲ್ಲ.”

ಅಷ್ಟರಲ್ಲಿ ಡೆಲ್ಮಾಳ ಫೋನೂ ಬಡಿದುಕೊಂಡಿತು. ಸಂಸ್ಥೆಯ ಮುಖ್ಯಸ್ಥ ಅಬು ತಲಾಲ್. ಅವಳು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡಳು. ಅಬು ತಲಾಲ್ ಕೆಟ್ಟ ಮನುಷ್ಯನಲ್ಲ. ಸಿಬ್ಬಂದಿಯ ಮಕ್ಕಳ ಹುಟ್ಟುಹಬ್ಬ ನೆನಪಿಟ್ಟು ಕೇಕ್ ಕಳಿಸುವವನು. ಸುದ್ದಿ ಕೇಳಿ ಬೇಸರವಾಯಿತೆಂದ. ಅದೇ ಉಸಿರಿನಲ್ಲಿ ಮುಂದುವರಿಸಿದ: ಹೆಂಗಸಿನ ಹೆಸರಿಗೆ ಹಿಟ್ಟು ಕಳಿಸಿದರೆ ಅಲ್ಲಿ ಗೋದಾಮಿನಲ್ಲೇ ತಡೆಯುತ್ತಾರೆ. ತಮ್ಮ ಇದ್ದಾನಲ್ಲ, ಅವನ ಹೆಸರು ಹಾಕೋಣ. ಸೋಮವಾರ ಅವನೇ ಮಾತಾಡಲಿ. ಆಗುವುದಿಲ್ಲವಾದರೆ ಹಿಟ್ಟನ್ನು ಬೇರೆ ಕಡೆ ತಿರುಗಿಸಬೇಕಾಗುತ್ತದೆ. ಈಗಲೇ ಕೇಳಿ ಹೇಳು, ಯಲ್ಲಾ.

ಡೆಲ್ಮಾ ರೇಲಿಂಗ್ ಹಿಡಿದು ನಿಂತಳು. ಒಳಗೆ ಮಾಹ್‌ಗುಲ್ ಇನ್ನೂ ಸರಿಯಾಗಿ ಅತ್ತೂ ಇಲ್ಲ. ಇಲ್ಲಿ ಅವಳ ಜಾಗ ಬೇರೆಯವನಿಗೆ ಹೋಗಿಯಾಯಿತು. ಹೇಳದೆ ಇರುವ ಹಾಗೂ ಇರಲಿಲ್ಲ.

ಹಾಲ್‌ಗೆ ಬಂದು, ನಿಂತುಕೊಂಡೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾಹ್‌ಗುಲ್ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನೀರು ತುಂಬಾ ಹೊತ್ತು ಸುರಿಯಿತು. ಹೊರಗೆ ಬಂದಾಗ ಮುಖ ತೊಳೆದಿತ್ತು.

“ಹಕೀಮನ ಹೆಸರು ಹಾಕಿ,” ಎಂದಳು. “ಹೆಸರು ತಾನೇ. ಹಿಟ್ಟು ಬರಲಿ.”

ಹಕೀಮ್ ದರಿಯಲ್ಲಿ ಏನೋ ಹೇಳಿದ. ಅವಳು ತಟಕ್ಕನೆ ತಿರುಗಿದಳು. ಮಾತಿಗೆ ಮಾತು ಬೆಳೆಯಿತು. ಆಮೇಲೆ ಅವಳು ಕೈ ಎತ್ತಿ ತಡೆದಳು. “ಇವರ ಮನೆಯಲ್ಲಿ ನಿಂತು ಇವರಿಗೆ ತಿಳಿಯದ ಭಾಷೆಯಲ್ಲಿ ಜಗಳ ಆಡಬಾರದು. ಈಗ ಹೇಳಿದ್ದನ್ನು ಉರ್ದುವಿನಲ್ಲಿ ಹೇಳು. ಇವರೂ ಕೇಳಲಿ.”

ಹಕೀಮ್ ನೆಲ ನೋಡಿದ. “ಹೆಸರಿಗೆ ಮಾತ್ರ ಅಲ್ಲ, ಕೆಲಸವನ್ನೂ ನಾನೇ ಮಾಡ್ತೇನೆ. ನೀನು ಇಲ್ಲೇ ಉಳಿ.”

“ಎಲ್ಲಿ?”

“ಕುವೈತಿನಲ್ಲಿ. ನಿನ್ನನ್ನು ಇಲ್ಲಿ ಬಿಟ್ಟು ಹೋಗಬೇಕು ಅಂತಲೇ ನಾನು ಬಂದದ್ದು. ಮೋರಿಸ್ ಭಾಯಿಯನ್ನು ಮಧ್ಯಾಹ್ನದಿಂದ ಅದನ್ನೇ ಕೇಳ್ತಾ ಇದ್ದೇನೆ. ವೀಸಾಕ್ಕೆ ಜಾಮೀನು ನಿಲ್ಲುವ ಕಫೀಲ್ ಯಾರಾದರೂ ಸಿಕ್ಕರೆ, ಯಾರದ್ದಾದರೂ ಮನೆಯಲ್ಲಿ ಅಡುಗೆ ಕೆಲಸವಾದರೂ ಸರಿ.”

ಮಾಹ್‌ಗುಲ್ ಸೋಫಾದ ತೋಳಿನ ಮೇಲೆ ಕುಸಿದು ಕೂತಳು. ಕಾಬೂಲಿನ ಆದೇಶ ಕೇಳಿದಾಗ ಕೂಡ ಅವಳ ಮುಖ ಇಷ್ಟು ಬಾಡಿರಲಿಲ್ಲ. ಡೆಲ್ಮಾ ಗಂಡನ ಕಡೆ ನೋಡಿದಳು. ಮೋರಿಸ್ ಹೌದು ಎಂದು ತಲೆಯಾಡಿಸಿದ.

“ನನ್ನ ಜೊತೆ ವಿಮಾನದಲ್ಲಿ ಕೂತು, ನನ್ನ ಜೊತೆ ಊಟ ಮಾಡಿ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಯಾ?” ಎಂದಳು ಮಾಹ್‌ಗುಲ್.

“ಇಟ್ಟುಕೊಂಡಿದ್ದೆ, ಆಪಾ. ಹೋದ ತಿಂಗಳು ಚೆಕ್‌ಪೋಸ್ಟಿನಲ್ಲಿ ನಿನ್ನ ಮೇಲೆ ಬಂದೂಕಿನ ಹಿಡಿ ಎತ್ತಿದರಲ್ಲ, ಆವತ್ತಿನಿಂದ. ನೀನು ಮರೆತಿರಬಹುದು. ನಾನು ಪಕ್ಕದಲ್ಲಿ ನಿಂತಿದ್ದೆ.”

ಆ ಸಂಜೆ ಮೋರಿಸ್ ಮಗಳನ್ನು ಕರೆದುಕೊಂಡು ಚರ್ಚಿಗೆ ಹೋದ. ಡೆಲ್ಮಾ ಹೋಗಲಿಲ್ಲ. ಅಕ್ಕ-ತಮ್ಮನನ್ನು ಹೋಟೆಲಿಗೆ ಬಿಡಲು ಟ್ಯಾಕ್ಸಿಯಲ್ಲಿ ಅವಳೇ ಜೊತೆಗೆ ಹೋದಳು.

ಸೋಮವಾರ ಸಭಾಂಗಣ ತುಂಬಿತ್ತು. ಬಿಳಿ ದಿಶ್ದಾಶಾ ನಿಲುವಂಗಿ ತೊಟ್ಟ ದಾನಿಗಳು, ಖರ್ಜೂರದ ತಟ್ಟೆಗಳು, ಕಾಫಿ ಬಟ್ಟಲುಗಳು. ಮಾಹ್‌ಗುಲ್‌ಳನ್ನು ಎರಡನೇ ಸಾಲಿನಲ್ಲಿ ಕೂರಿಸಿದ್ದರು. ಹಕೀಮ್ ಮೈಕಿನ ಮುಂದೆ ನಿಂತ. ಅವನ ಪಕ್ಕದ ಮೈಕಿನಲ್ಲಿ ಡೆಲ್ಮಾ. ಟೈರ್ ಅಂಗಡಿಯವನು, ಎರಡು ಮಾತು ತಡವರಿಸಿ ಕೂತುಬಿಡುತ್ತಾನೆ, ಆಗ ಅಕ್ಕನನ್ನೇ ಕರೆಯಬೇಕಾಗುತ್ತದೆ ಎಂದು ಅವಳು ಒಳಗೊಳಗೇ ಆಸೆಪಟ್ಟಿದ್ದಳು.

ಹಕೀಮ್ ತಡವರಿಸಲಿಲ್ಲ.

ಯಾವ ಓಣಿಯಲ್ಲಿ ಹಿಮ ಮೊದಲು ಕಟ್ಟಿಕೊಳ್ಳುತ್ತದೆ, ಯಾವ ಮನೆಗೆ ಬಾಗಿಲಿನ ಬದಲು ಗೋಣಿ ಇಳಿಬಿಟ್ಟಿದ್ದಾರೆ, ಯಾವ ತಾಯಿ ತನ್ನ ರೊಟ್ಟಿಯನ್ನು ನೀರಲ್ಲಿ ನೆನೆಸಿ ಹಲ್ಲಿಲ್ಲದ ಅತ್ತೆಗೆ ಕೊಡುತ್ತಾಳೆ, ಯಾವ ತಂದೂರಿಗೆ ಬೀದಿಯ ಗಾಳಿ ತಿರುಗಿ ಹೊಗೆ ಒಳಗೇ ನುಗ್ಗುತ್ತದೆ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಒಂದು ವರ್ಷ ಗೋಡೆಗೊರಗಿ ನಿಂತವನು ಬರಿದೇ ನಿಂತಿರಲಿಲ್ಲ. ಒಳಗಿನ ಮಾತು ಹೊರಗೆ ಕೇಳಿದಷ್ಟನ್ನೂ ಎತ್ತಿಟ್ಟುಕೊಂಡಿದ್ದ. ಅಕ್ಕ ಇಲ್ಲಿ ಉಳಿದುಬಿಟ್ಟರೆ ಅವಳ ಕೆಲಸ ನಿಲ್ಲಬಾರದೆಂದು ತಯಾರಾಗಿದ್ದ.

ಅವನ ಒಂದೊಂದು ಮಾತನ್ನೂ ಡೆಲ್ಮಾ ಇಂಗ್ಲಿಷಿಗೆ ತಿರುಗಿಸಿದಳು. ಸಭೆಯಲ್ಲಿ ಕೇಳುತ್ತಿದ್ದದ್ದು ತನ್ನದೇ ದನಿ. ತಾನೇ ಮಾಹ್‌ಗುಲ್‌ಳನ್ನು ಆ ಜಾಗದಿಂದ ಎಬ್ಬಿಸಿ ಕಳಿಸುತ್ತಿದ್ದೇನೆ ಅನ್ನಿಸಿತು. ಕಣ್ಣೆತ್ತಿ ಎರಡನೇ ಸಾಲು ನೋಡಿದಳು. ಮಾಹ್‌ಗುಲ್ ಬಾಯಿ ಸ್ವಲ್ಪ ತೆರೆದುಕೊಂಡು, ಎಂದೂ ಕಾಣದವನನ್ನು ನೋಡುವ ಹಾಗೆ ತಮ್ಮನನ್ನು ನೋಡುತ್ತಿದ್ದಳು.

ಚಪ್ಪಾಳೆ ಬಿತ್ತು. ಅಬು ತಲಾಲ್ ಖುಷಿಯಿಂದ ಎದ್ದು ಬಂದು ಹಕೀಮನ ಭುಜ ತಟ್ಟಿದ. “ನೋಡು ಡೆಲ್ಮಾ, ಸುಮ್ಮನೆ ಹೆದರಿದ್ದೆವು. ಸಮಸ್ಯೆ ಖಲಾಸ್.”

ಹೊರಗೆ ಪಾರ್ಕಿಂಗ್‌ನಲ್ಲಿ ಮೋರಿಸ್ ಕಾರು ತಂದು ನಿಲ್ಲಿಸಿದ್ದ. ಮಾಹ್‌ಗುಲ್ ಹತ್ತಲಿಲ್ಲ.

“ಗೋಡೆಯಾಚೆಗೆ ಇಷ್ಟೆಲ್ಲ ಕೇಳುತ್ತದೆ ಅಂತ ಗೊತ್ತಿರಲಿಲ್ಲ ಕಣೋ,” ಎಂದಳು ತಮ್ಮನಿಗೆ. ಬೈಗುಳವೋ ಮೆಚ್ಚುಗೆಯೋ ಅವಳಿಗೇ ತಿಳಿದ ಹಾಗಿರಲಿಲ್ಲ. “ಆದರೆ ಹೆಂಗಸರು ಗಟ್ಟಿಯಾಗಿ ಹೇಳುವುದು ಹಿಟ್ಟಿನ ಮಾತು, ಹೊಗೆಯ ಮಾತು. ಉಳಿದದ್ದನ್ನು ಕಿವಿಯಲ್ಲಿ ಹೇಳುತ್ತಾರೆ. ಅದಕ್ಕೆ ಯಾರನ್ನು ಕಳಿಸ್ತೀ?”

ಹಕೀಮ್ ಮೋರಿಸ್‌ನ ಕಡೆ ತಿರುಗಿದ. “ಭಾಯಿ, ಇವಳ ವೀಸಾದ ವಿಚಾರ ಏನಾಯ್ತು?”

ಮೋರಿಸ್ ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. “ಹಕೀಮ್ ಭಾಯಿ, ಮೊನ್ನೆಯೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ನಾನು ನಾಲ್ಕು ಕಡೆ ಕೇಳಿ ನೋಡಿದೆ. ಈ ವೀಸಾದಲ್ಲಿ ಬಂದವರಿಗೆ ಇಲ್ಲಿ ಉಳಿಯುವ ಪರವಾನಗಿ, ಇಕಾಮಾ, ಆಗುವುದಿಲ್ಲ. ಅದೂ ನಿಮ್ಮ ದೇಶದವರಿಗೆ ಆಗುವುದೇ ಇಲ್ಲ. ಅವಧಿ ಮುಗಿದ ಮೇಲೆ ಉಳಿದರೆ ಹಿಡಿದು ಒಳಗೆ ಹಾಕ್ತಾರೆ.”

ಹಕೀಮ್ ಕಾರಿನ ಬಾನೆಟ್ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದ. ಅವನ ಬೆನ್ನು ಅದುರುತ್ತಿತ್ತು. ಸಭೆಯಿಂದ ಹೊರಬರುತ್ತಿದ್ದ ಜನ ನೋಡುತ್ತಾ ಹೋದರು. ಮಾಹ್‌ಗುಲ್ ಹತ್ತಿರ ಹೋಗಿ ಅವನ ಕೋಟಿನ ಕಾಲರ್ ಸರಿಮಾಡಿದಳು. “ಸಾಕು, ಏಳು. ನೀನು ನನ್ನನ್ನು ಕರಕೊಂಡು ಬಂದಿದ್ದೀ. ನೀನೇ ಕರಕೊಂಡು ಹೋಗು.”

ಆ ವಾರದಲ್ಲೇ ಅವರು ದುಬೈ ಮೂಲಕ ಕಾಬೂಲಿಗೆ ಹಾರಿದರು.

ಹಿಟ್ಟು ಹಕೀಮನ ಹೆಸರಿಗೆ ಹೋಯಿತು, ತಲುಪಿತು. ರೊಟ್ಟಿ ಮನೆಗೆ ಮುದುಕರಿಬ್ಬರು ಬಂದರು. ಹೆಂಗಸರು ಮನೆಯಲ್ಲಿ ಉಳಿದರು, ಮಾಹ್‌ಗುಲ್ ಕೂಡ. ಹಕೀಮ್ ಗಾಡಿಯಲ್ಲಿ ರೊಟ್ಟಿ ಹೇರಿಕೊಂಡು ಮನೆ ಮನೆಗೆ ಹೋಗಿ ಬಾಗಿಲಲ್ಲಿಟ್ಟು, ಕೂಗು ಹಾಕಿ, ಮುಂದೆ ಹೋಗುತ್ತಿದ್ದ. ಫೋಟೋಗಳು ಬಂದವು. ಅಬು ತಲಾಲ್ ಅವುಗಳಲ್ಲಿ ಒಂದನ್ನು ದೊಡ್ಡದು ಮಾಡಿಸಿ ಕಚೇರಿಯ ಗೋಡೆಗೆ ಹಾಕಿಸಿದ.

ಹಿಮ ಕರಗುವ ಹೊತ್ತಿಗೆ ಒಂದು ಬೆಳಗ್ಗೆ, ಡೆಲ್ಮಾ ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಹಕೀಮನ ಕರೆ ಬಂತು. ಅವನು ಯಾವತ್ತೂ ನೇರವಾಗಿ ಕರೆ ಮಾಡಿದವನಲ್ಲ.

“ಬಾಜಿ,” ಎಂದ, ಅಕ್ಕ ಅನ್ನುವ ಹಾಗೆ. “ಒಂದು ಮಾತು ಹೇಳಬೇಕು. ನಡುವೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಆಮೇಲೆ ಹೇಳಲಿಕ್ಕಾಗುವುದಿಲ್ಲ.”

ಊರ ಹೊರಗಿನ ಒಂದು ಮನೆ. ಹೊಸದಾಗಿ ಹೆತ್ತವಳು, ಗಂಡ ಶರತ್ಕಾಲದಲ್ಲೇ ತೀರಿಕೊಂಡಿದ್ದ. ಹಕೀಮ್ ದಿನಾ ರೊಟ್ಟಿ ಇಟ್ಟು ಬರುತ್ತಿದ್ದ. ಒಂದು ದಿನ ಹೋದಾಗ ಹಿಂದಿನ ದಿನದ ರೊಟ್ಟಿ ಹೊಸ್ತಿಲಲ್ಲೇ ಬಿದ್ದಿತ್ತು. ಕೂಗಿದ. ಒಳಗೆ ಮಗು ಕ್ಷೀಣವಾಗಿ ಅಳುತ್ತಿತ್ತು, ದೊಡ್ಡವರ ದನಿ ಇಲ್ಲ. ಪರಗಂಡಸು ಆ ಮನೆಗೆ ಕಾಲಿಟ್ಟರೆ ಅವನಿಗೂ ಏಟು, ಅವಳಿಗೂ ಏಟು. ನೆರೆಮನೆ ದೂರ. ಅವನು ಕೂಗುತ್ತಾ ನಿಂತ. ಆಮೇಲೆ ಗಾಡಿ ಅಲ್ಲೇ ಬಿಟ್ಟು ಅಕ್ಕನ ಮನೆಗೆ ಓಡಿದ. ಮಾಹ್‌ಗುಲ್ ಬಂದು ಒಳಗೆ ಹೋದಾಗ ಹೆಂಗಸು ಬಾಣಂತಿ ಜ್ವರದಲ್ಲಿ ಮೈಮರೆತು ಬಿದ್ದಿದ್ದಳು. ಆಸ್ಪತ್ರೆಯ ದಾರಿಯಲ್ಲಿ ಜೀವ ಹೋಯಿತು. ಮಗು ಉಳಿದಿದೆ, ರೊಟ್ಟಿ ಮನೆಯ ಹಿರಿಯಳ ಹತ್ತಿರ.

“ಅವಳಿಗೆ ಹೆರಿಗೆಯಾದಾಗಿನಿಂದಲೇ ಮೈ ಸುಡುತ್ತಿತ್ತಂತೆ, ಬಾಜಿ. ಬಾಗಿಲ ಹೊರಗಿದ್ದ ಗಂಡಸಿಗೆ ಅದನ್ನು ಹೇಗೆ ಹೇಳುತ್ತಾಳೆ? ನಾನು ದಿನಾ ಬಂದು ರೊಟ್ಟಿ ಇಟ್ಟು, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಹೋಗ್ತಾ ಇದ್ದೆ.”

ಡೆಲ್ಮಾಳಿಗೆ ಕೈಯಲ್ಲಿದ್ದ ಲೋಟ ವಾಲಿ ಚಹಾ ಸೀರೆಯ ಮೇಲೆ ಚೆಲ್ಲಿದ್ದು ಕೂಡ ಅರಿವಾಗಲಿಲ್ಲ.

“ಈಗ ಆಪಾ ಎಲ್ಲಿ?” ಎಂದು ಕೊನೆಗೆ ಕೇಳಿದಳು.

“ನನ್ನ ಜೊತೆ ಬರ್ತಾಳೆ. ಆಸ್ಪತ್ರೆ ಕೆಲಸದ ಹೆಂಗಸರಿಗೆ ಮಾತ್ರ ಓಡಾಡಲು ಬಿಟ್ಟಿದ್ದಾರೆ. ಇಲ್ಲಿಯ ಲೇಡಿ ಡಾಕ್ಟರ್ ಅವಳನ್ನು ಬಾಣಂತಿಯರನ್ನು ನೋಡಿಕೊಳ್ಳುವ ಸಹಾಯಕಿ ಅಂತ ಸೇರಿಸಿಕೊಂಡಿದ್ದಾರೆ. ರೊಟ್ಟಿ ಮನೆಯ ಇನ್ನಿಬ್ಬರನ್ನೂ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಮೊನ್ನೆ ಚೆಕ್‌ಪೋಸ್ಟಿನಲ್ಲಿ ಇಳಿಸಿದರು, ಆಮೇಲೆ ಬಿಟ್ಟರು. ಬಾಜಿ, ನಿಮ್ಮ ಸಾಹೇಬರಿಗೆ ಇದನ್ನು ಹೇಳ್ತೀರಾ? ನಾನು ಹೇಳಿದ್ದನ್ನು ಅವರು ನಂಬಿದ್ದು ನಿಮ್ಮ ಬಾಯಿಂದ ಕೇಳಿ. ಇದನ್ನೂ ನಿಮ್ಮ ಬಾಯಿಂದಲೇ ಕೇಳಲಿ.”

ಡೆಲ್ಮಾ ಅಬು ತಲಾಲ್‌ನ ಕೋಣೆಗೆ ಹೋದಳು. ಅವನು ಫೋನಿನಲ್ಲಿದ್ದ, ಆಮೇಲೆ ಬಾ ಎಂದು ಕೈಸನ್ನೆ ಮಾಡಿದ. ಅವಳು ಹೋಗಲಿಲ್ಲ. ಕುರ್ಚಿ ಎಳೆದು ಎದುರಿಗೇ ಕೂತಳು. ಅವಳು ಹಾಗೆ ಕೂತದ್ದು ಎಂದೂ ಇರಲಿಲ್ಲ. ಅವನು ಅಚ್ಚರಿಯಿಂದ ಫೋನು ಇಟ್ಟ.

ಅವಳು ಒಂದೊಂದೇ ಮಾತು, ಹಕೀಮ್ ಹೇಳಿದ ಕ್ರಮದಲ್ಲೇ ಹೇಳಿದಳು. ಬಾಣಂತಿಯ ಮಾತಿಗೆ ಬಂದಾಗ ಅಬು ತಲಾಲ್ ಕನ್ನಡಕ ತೆಗೆದ. ಮುಗಿದ ಮೇಲೂ ಅದನ್ನು ಹಾಕಿಕೊಳ್ಳಲಿಲ್ಲ.

“ಹೊಸ್ತಿಲಲ್ಲೇ ಇತ್ತಾ ರೊಟ್ಟಿ?” ಎಂದು ಕೇಳಿದ.

“ಹೌದು ಸರ್.”

ಅವನ ಬಾಯಿಂದ ಬಂದ ದನಿ ಡೆಲ್ಮಾಳಿಗೆ ಪರಿಚಯವೇ ಇಲ್ಲದಷ್ಟು ಸಣ್ಣದಾಗಿತ್ತು. “ಆ ಹೆಂಗಸನ್ನು ನಾನು ಒಂದು ಮಾತೂ ಆಡಲು ಬಿಡಲಿಲ್ಲ. ಈಗ ಫೋನಿನಲ್ಲಿ ಸಿಗುತ್ತಾಳಾ?”

ಡೆಲ್ಮಾ ಕರೆ ಹಚ್ಚಿ ಫೋನನ್ನು ಮೇಜಿನ ಮೇಲಿಟ್ಟಳು. ರಿಂಗಾಗುತ್ತಲೇ ಇತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಕಡಿದು ಹೋಯಿತು. ಅವಳು ಮತ್ತೆ ಹಚ್ಚಿದಳು. ಈ ಸಲ ಗಾಳಿಯ ಸದ್ದು, ಗಾಡಿಯ ಗಡಗಡ, ನಡುವೆ ಮಾಹ್‌ಗುಲ್‌ಳ ಏದುಸಿರು ಕೇಳಿಸಿತು.

“ಡೆಲ್ಮಾ ಜಾನ್, ಒಂದು ಮನೆಗೆ ಹೋಗ್ತಾ ಇದ್ದೇನೆ, ಬೇಗ ಹೇಳಿ.”

“ನಮ್ಮ ಸಾಹೇಬರು ನಿಮ್ಮ ಮಾತು ಕೇಳಬೇಕಂತೆ.”

ಆ ಕಡೆ ಗಾಡಿ ನಿಂತಿತು. ಆಮೇಲೆ ಮಾಹ್‌ಗುಲ್ ಸಲಾಂ ಹೇಳಿ ಮಾತು ಶುರು ಮಾಡಿದಳು. ಡೆಲ್ಮಾ ಮೇಜಿನ ಕಡೆ ಬಗ್ಗಿ, ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸತೊಡಗಿದಳು.